ಕೆನ್ನಾಯಿಗೆ ಕಾನೂ ಬೇಕು, ಸೊಪ್ಪಿನಬೆಟ್ಟವೂ ಬೇಕು

ಚಳಿಗಾಲದ ಬೆಳಗು. ಶರಾವತಿ ಹಿನ್ನೀರಿನ ಮೇಲೆ ಮಂಜು ಇನ್ನೂ ಹರಡಿಕೊಂಡೇ ಇದೆ. ಕಾಡಿನೊಳಕ್ಕೆ ಚಾಚಿಕೊಂಡ ನೀರಿನ ಮೂಲೆಯೊಂದರಲ್ಲಿ ಹೆಣ್ಣು ಕಡವೆ ಕುತ್ತಿಗೆಮಟ್ಟ ನಿಂತಿದೆ. ಅದರ ಎರಡೂ ಕಿವಿ ದಡದ ಕಡೆಗೇ ನೆಟ್ಟಿವೆ. ದಡದಲ್ಲಿ ಏನೂ ಕಾಣುವುದಿಲ್ಲ, ಸಿಳ್ಳೆ ಮಾತ್ರ ಕೇಳುತ್ತದೆ. ಈ ಬದಿಯ ಹಳುವಿನಿಂದ ಸಣ್ಣದೊಂದು ಸಿಳ್ಳೆ, ಅದಕ್ಕೆ ಗುಡ್ಡದ ನೆತ್ತಿಯಿಂದ ಮತ್ತೊಂದರ ಉತ್ತರ. ಸ್ವಲ್ಪ ಹೊತ್ತಿಗೆ ಮತ್ತಿಮರದ ಬುಡದಲ್ಲಿ ಕೆಂಪು ಮೈಯೊಂದು ಸರಿದಾಡುತ್ತದೆ, ಕಪ್ಪು ಪೊದೆಬಾಲ ಅಲ್ಲಾಡುತ್ತದೆ. ಒಂದಾಯಿತು, ಮೂರಾಯಿತು, ಆರಾಯಿತು. ಕೆಲವು ನೀರಿನಂಚಿನಲ್ಲಿ ಓಡಾಡುತ್ತವೆ, ಕೆಲವು ಮಲಗಿ ಕಾಯುತ್ತವೆ. ಕಡವೆಗೆ ನೀರು ಬಿಡಲು ಭಯ, ನೀರಲ್ಲೇ ಇರಲು ಚಳಿ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡಂಚಿನ ಮನೆಗಳಲ್ಲಿ ಕಾಡುನಾಯಿ, ಸೀಳುನಾಯಿ, ಕೆನ್ನಾಯಿ ಎಂಬ ಹೆಸರುಗಳನ್ನು ಕೇಳದವರಿಲ್ಲ. ಅದರ ಬಗ್ಗೆ ಒಂದಲ್ಲ ಒಂದು ಕಥೆ ಎಲ್ಲರಿಗೂ ಗೊತ್ತು. ಆದರೆ ಹುಲಿಯಷ್ಟೇ ಅಪಾಯದಲ್ಲಿರುವ ಪ್ರಾಣಿಗಳ ಸಾಲಿನಲ್ಲಿ ಇದೂ ಇದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಕೆನ್ನಾಯಿ 2004ರಿಂದ ಅಳಿವಿನಂಚಿನ ಪ್ರಾಣಿ. 2015ರ ಅಂದಾಜಿನ ಪ್ರಕಾರ ಇಡೀ ಜಗತ್ತಿನಲ್ಲಿ ಉಳಿದಿದ್ದ ಪ್ರಾಯದ ಕೆನ್ನಾಯಿಗಳು 949ರಿಂದ 2,215. ಒಂದು ಕಾಲಕ್ಕೆ ಮಧ್ಯ ಏಷ್ಯಾದಿಂದ ಜಾವಾ ದ್ವೀಪದವರೆಗೆ ಇದ್ದ ಪ್ರಾಣಿ ತನ್ನ ಹಳೆಯ ನೆಲೆಯ ಮುಕ್ಕಾಲು ಪಾಲನ್ನು ಕಳೆದುಕೊಂಡಿದೆ. ಉಳಿದ ನೆಲೆಗಳಲ್ಲಿ ಬಹು ಮುಖ್ಯವಾದದ್ದು ನಮ್ಮ ಪಶ್ಚಿಮ ಘಟ್ಟ.

ನಾಯಿಯ ಕುಲ, ಬೇರೆಯದೇ ಬಾಳು

ಕೆನ್ನಾಯಿ ಊರನಾಯಿ ಕಾಡು ಸೇರಿ ಆದದ್ದಲ್ಲ. ನಾಯಿ, ತೋಳ, ನರಿಗಳ ಕುಟುಂಬದ್ದೇ ಆದರೂ ಇದರದು ಬೇರೆ ಕವಲು. ಊರನಾಯಿಗೆ 42 ಹಲ್ಲು, ಇದಕ್ಕೆ 40. ಕೆಳದವಡೆಯ ಎರಡೂ ಕಡೆ ಒಂದೊಂದು ದವಡೆಹಲ್ಲು ಕಡಿಮೆ. ತೂಕ ಹದಿನೈದು ಕೆ.ಜಿ. ಆಸುಪಾಸು. ಊರನಾಯಿಯಂತೆ ಇದು ಬೊಗಳುವುದಿಲ್ಲ. ದಟ್ಟ ಹಳುವಿನಲ್ಲಿ ಒಂದಕ್ಕೊಂದು ಕಾಣದಿರುವಾಗ ಗುಂಪನ್ನು ಒಟ್ಟುಗೂಡಿಸುವುದು ಆ ಸಿಳ್ಳೆಯೇ.

ಒಂದು ಗುಂಪಿನಲ್ಲಿ ಸಾಮಾನ್ಯವಾಗಿ ಐದರಿಂದ ಹತ್ತು, ಕೆಲವೊಮ್ಮೆ ಇಪ್ಪತ್ತಕ್ಕೂ ಹೆಚ್ಚು. ಮರಿ ಹಾಕುವುದು ಬಹುಮಟ್ಟಿಗೆ ಒಂದೇ ಹೆಣ್ಣು, ಸಾಕುವುದು ಮಾತ್ರ ಎಲ್ಲರೂ. ಮಳೆಗಾಲ ಮುಗಿದು ಚಳಿ ಬೀಳುವ ಹೊತ್ತಿಗೆ ಬಂಡೆಸಂದಿಯಲ್ಲೋ ಬಿಲದಲ್ಲೋ ಮರಿಗಳು ಹುಟ್ಟುತ್ತವೆ. ಮಲೆನಾಡಿನ ಮನೆಯಂಗಳದಲ್ಲಿ ಅಡಿಕೆ ಸುಲಿತ ನಡೆಯುವ ಕಾಲ ಅದು. ತಾಯಿ ಗೂಡಿನಲ್ಲಿದ್ದರೆ ಬೇರೆಯವು ಬೇಟೆಗೆ ಹೋಗಿ, ಹೊಟ್ಟೆಯಲ್ಲಿ ಮಾಂಸ ತುಂಬಿಕೊಂಡು ಬಂದು, ತಾಯಿಯ ಮುಂದೆಯೂ ಮರಿಗಳ ಮುಂದೆಯೂ ಕಕ್ಕುತ್ತವೆ. ಮರಿಗಳು ಬಲಿತು ಗುಂಪಿನ ಜೊತೆ ಹೊರಟ ಮೇಲೆ, ಬೇಟೆ ಬಿದ್ದಲ್ಲಿ ಮೊದಲು ತಿನ್ನುವ ಸರದಿಯೂ ಅವುಗಳದ್ದೇ. ದೊಡ್ಡವು ಬದಿಗೆ ನಿಂತು ಕಾಯುತ್ತವೆ. ಕ್ರೂರಿ ಎಂದು ಹೆಸರು ಕೆಟ್ಟ ಪ್ರಾಣಿಯ ಮನೆವಾರ್ತೆ ಇದು.

ಆ ಕೆಟ್ಟ ಹೆಸರು ಬಂದದ್ದು ಅದು ಕೊಲ್ಲುವ ರೀತಿಯಿಂದ. ಹುಲಿ, ಚಿರತೆಗಳು ಗಂಟಲು ಹಿಡಿದು ಉಸಿರು ಕಟ್ಟಿಸುತ್ತವೆ. ಕೆನ್ನಾಯಿಗೆ ಅಷ್ಟು ದೊಡ್ಡ ದವಡೆಯಿಲ್ಲ. ಒಂದು ಮೂಗು ಕಚ್ಚಿ ಹಿಡಿದರೆ ಉಳಿದವು ಹಿಂಬದಿಯಿಂದ ಸೀಳುತ್ತವೆ, ಪ್ರಾಣ ಹೋಗುವ ಮುಂಚೆಯೇ ತಿನ್ನಲು ತೊಡಗುತ್ತವೆ. ನೋಡಲು ಘೋರವೇ. ಆದರೆ ಹುಲಿಯೋ ಚಿರತೆಯೋ ಬಂದು ಬೇಟೆ ಕಿತ್ತುಕೊಳ್ಳಬಹುದಾದ ಕಾಡಿನಲ್ಲಿ ಹದಿನೈದು ಕೆ.ಜಿ.ಯ ಪ್ರಾಣಿಗೆ ಅವಸರ ಮಾಡದೆ ವಿಧಿಯಿಲ್ಲ.

ಕಿತ್ತುಕೊಳ್ಳುವವರಲ್ಲಿ ಮನುಷ್ಯರೂ ಇದ್ದಾರೆ. ಕಾಡುನಾಯಿ ಕೆಡವಿದ ಕಡವೆಯನ್ನು ಗದ್ದಲ ಮಾಡಿ ಬಿಡಿಸಿಕೊಂಡು ತೊಡೆ ಕಡಿದು ತರುವುದು ದೇಶದ ಅನೇಕ ಕಾಡಂಚುಗಳಲ್ಲಿ ಹಳೆಯ ರೂಢಿ. ನಾಯಿಗಳು ದೂರ ಸರಿದು ನಿಂತು ನೋಡುತ್ತವೆಯೇ ಹೊರತು ಮೇಲೆ ಬೀಳುವುದಿಲ್ಲ. ಪೊದೆಗೆ ಉಚ್ಚೆ ಹೊಯ್ದು, ಬಾಲದಲ್ಲಿ ಅದನ್ನು ಎರಚಿ, ಬೇಟೆಯ ಕಣ್ಣು ಕುರುಡು ಮಾಡುತ್ತವೆ ಎಂಬ ನಂಬಿಕೆ ಈಗಲೂ ಇದೆ. ಅದಕ್ಕೆ ಆಧಾರವಿಲ್ಲ. ಕೆನ್ನಾಯಿಗೆ ಅಂಥ ಉಪಾಯದ ಅಗತ್ಯವೂ ಇಲ್ಲ. ಕೆಲವು ಅಟ್ಟುತ್ತವೆ, ಕೆಲವು ಮುಂದೆ ಅಡ್ಡ ಕಾದಿರುತ್ತವೆ. ನಮ್ಮ ಹಿರಿಯರು ಹಳು ಸೋವಿ ಬೇಟೆಯಾಡುತ್ತಿದ್ದ ಕ್ರಮವೂ ಇದೇ ಆಗಿತ್ತು.

ತಲೆಗೆ ಬಹುಮಾನ, ಹೆಣಕ್ಕೆ ವಿಷ

ಬ್ರಿಟಿಷರ ಕಾಲದಲ್ಲಿ ಕೆನ್ನಾಯಿ ಪೀಡೆಪ್ರಾಣಿಗಳ ಪಟ್ಟಿ ಸೇರಿತು. ದೊರೆಗಳಿಗೂ ಸಾಹೇಬರಿಗೂ ಬೇಕಿದ್ದ ಕಡವೆ, ಜಿಂಕೆಗಳನ್ನು ಅದು ತಿಂದು ಮುಗಿಸುತ್ತದೆ ಎಂಬುದು ದೂರು. ಕೊಂದು ಚರ್ಮ ತಂದು ತೋರಿಸಿದವರಿಗೆ ಸರ್ಕಾರ ಬಹುಮಾನ ಕೊಡುತ್ತಿತ್ತು. ಈ ಬಹುಮಾನದ ಲೆಕ್ಕಪತ್ರಗಳನ್ನು ಕೆದಕಿದ ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಅಂದಾಜಿನಂತೆ 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ದೇಶದಲ್ಲಿ 80,000ಕ್ಕೂ ಹೆಚ್ಚು ಹುಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಚಿರತೆ, ಎರಡು ಲಕ್ಷ ತೋಳಗಳು ಸತ್ತವು. ಕೆನ್ನಾಯಿಗಳು ಸತ್ತದ್ದೂ ಇದೇ ವ್ಯವಸ್ಥೆಯಲ್ಲಿ. ಹುಲಿ ಹೊಡೆದವರು ಅದರ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಂಡರು. ಕೆನ್ನಾಯಿ ಹೊಡೆದವರಿಗೆ ಆ ಹೆಮ್ಮೆಯೂ ಬೇಕಿರಲಿಲ್ಲ. ಅದನ್ನು ಕೊಲ್ಲುವುದು ಕಾಡು ಗುಡಿಸುವ ಕೆಲಸ ಎಂದುಕೊಂಡಿದ್ದರು.

ಕೋವಿಯಷ್ಟೇ ಅಲ್ಲ, ವಿಷವೂ ಕೊಂದಿತು. ಗುಂಪಾಗಿ ಬಂದು ಗುಂಪಾಗಿ ತಿನ್ನುವ ಪ್ರಾಣಿಗೆ ಒಂದು ಹೆಣಕ್ಕೆ ಹಾಕಿದ ವಿಷ ಸಾಕು, ಇಡೀ ಸಂಸಾರವೇ ಹೋಗುತ್ತದೆ. ನಮ್ಮ ಕಾಡಿನ ಕಾಸರಕನ ಬೀಜದಲ್ಲಿರುವ ಸ್ಟ್ರಿಕ್ನಿನ್ ಅನ್ನು ಆ ಕಾಲದ ಶಿಕಾರಿಗಳು ಈ ಕೆಲಸಕ್ಕೇ ಬಳಸಿದರು. ಹಸಿರುಕ್ರಾಂತಿಯ ಕಾಲಕ್ಕೆ ಕೀಟನಾಶಕದ ಡಬ್ಬಿ ರೈತರ ಮನೆಮನೆಗೂ ಬಂತು. ದನ ಕಳೆದುಕೊಂಡ ಸಿಟ್ಟಿನಲ್ಲಿ ಉಳಿದ ಹೆಣದ ಮೇಲೆ ಅದನ್ನು ಸುರಿಯುವುದು ಸುಲಭವಾಯಿತು. ಹುಲಿಗೆ, ಚಿರತೆಗೆ ಎಂದು ಇಟ್ಟ ವಿಷವನ್ನೂ ಹಲವು ಸಲ ಮೊದಲು ತಿಂದದ್ದು ಕೆನ್ನಾಯಿ, ನರಿ, ರಣಹದ್ದುಗಳೇ.

ಮುಳುಗಿದ ಕಣಿವೆ, ಖಾಲಿಯಾದ ಹಳು

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕಥೆಗೆ ಬೇರೊಂದು ಅಧ್ಯಾಯವಿದೆ. 1940ರ ದಶಕದಲ್ಲಿ ಹಿರೇಭಾಸ್ಕರ ಅಣೆಕಟ್ಟು ಶರಾವತಿ ಕಣಿವೆಯ ಒಂದು ಭಾಗವನ್ನು ಮುಳುಗಿಸಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ, ಆ ಹಳೆಯ ಅಣೆಕಟ್ಟನ್ನೂ ಸೇರಿಸಿ ಸುಮಾರು 300 ಚದರ ಕಿ.ಮೀ. ನೆಲವನ್ನು ನೀರಿನಡಿಗೆ ತಂದಿತು. ಆಮೇಲೆ ಹೊಸನಗರದ ಮೇಲ್ಭಾಗದಲ್ಲಿ ಮಾಣಿ, ಚಕ್ರಾ, ಸಾವೇಹಕ್ಲು ಬಂದವು. ಮುಳುಗಿದ್ದು ಗದ್ದೆ, ತೋಟ, ಊರುಗಳಷ್ಟೇ ಅಲ್ಲ. ಕಣಿವೆಯ ತಳದ ನೀರು, ಹುಲ್ಲು, ತಪ್ಪಲು ಕಾಡು ಎಂದರೆ ಕಡವೆಗೆ ಬೇಸಿಗೆ ಕಳೆಯುವ ಜಾಗ. ಮನೆಮಾರು ಕಳೆದುಕೊಂಡ ಸಾವಿರಾರು ಕುಟುಂಬಗಳನ್ನು ಕರೆದೊಯ್ದು ಬಿಟ್ಟದ್ದು ಬೇರೆ ಕಡೆಯ ಕಾಡಿಗೆ. ಆ ನೆಲದ ಹಕ್ಕುಪತ್ರಕ್ಕಾಗಿ ಅವರ ಮೊಮ್ಮಕ್ಕಳು ಇಂದಿಗೂ ಅಲೆಯುತ್ತಿದ್ದಾರೆ. ನಾಡಿಗೆ ಬೆಳಕು ಕೊಟ್ಟ ಯೋಜನೆಯಲ್ಲಿ ಒಕ್ಕಲೆದ್ದವರು ಮನುಷ್ಯರೂ ಹೌದು, ಮೃಗಗಳೂ ಹೌದು. ಒಬ್ಬರನ್ನು ಇನ್ನೊಬ್ಬರ ಎದುರು ನಿಲ್ಲಿಸುವುದು ನ್ಯಾಯವಲ್ಲ.

ಉಳಿದ ಗುಡ್ಡಗಳಲ್ಲಿ ಸಹಜ ಕಾಡು ಹೋಗಿ ನೀಲಗಿರಿ, ಅಕೇಶಿಯಾ ಬಂತು. ಭದ್ರಾವತಿಯ ಕಾಗದ ಕಾರ್ಖಾನೆಗೆಂದು ಶಿವಮೊಗ್ಗ ಜಿಲ್ಲೆಯ ಸಾವಿರಾರು ಎಕರೆ ಗುತ್ತಿಗೆಗೆ ಹೋಯಿತು. ಅಕೇಶಿಯಾ ನೆಡುತೋಪಿನೊಳಗೆ ಒಮ್ಮೆ ನಡೆದು ನೋಡಿದರೆ ಅರ್ಥವಾಗುತ್ತದೆ: ಕೊಳೆಯದ ಎಲೆಯ ದಪ್ಪ ಹಾಸು, ಮೇಯಲು ಚಿಗುರಿಲ್ಲ, ಅಡಗಲು ಪೊದೆಯಿಲ್ಲ. ಅಲ್ಲಿ ಕಾಡುಕುರಿ ಬಾಳುವುದು ಕಷ್ಟ. ಕಾಡುಕುರಿ ಇಲ್ಲದಲ್ಲಿ ಕೆನ್ನಾಯಿಗೆ ಕೆಲಸವಿಲ್ಲ. ಗುತ್ತಿಗೆ ಮುಗಿದ 2020ರಲ್ಲಿ ಮಲೆನಾಡಿಗರು ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಬೀದಿಗಿಳಿದದ್ದು ನೀರಿಗಾಗಿ, ಸೊಪ್ಪಿಗಾಗಿ. ಅವರು ಕೇಳಿದ ಸಹಜ ಕಾಡು ಕೆನ್ನಾಯಿಗೂ ಬೇಕಾದದ್ದೇ.

ಇನ್ನು ಶಿಕಾರಿ. ಮರಸು ಕೂತು ಹೊಡೆಯುವುದು, ಹಳು ನುಗ್ಗಿ ಹೊಡೆಯುವುದು, ಉರುಳು ಹಾಕುವುದು ಮಲೆನಾಡಿನ ಬದುಕಿನ ಭಾಗವೇ ಆಗಿತ್ತು. ಜೀಪು, ಟಾರ್ಚು ಬಂದ ಮೇಲೆ ಅದರ ಹದ ತಪ್ಪಿತು. ಕೆನ್ನಾಯಿಗೆ ಯಾರೂ ಈಡು ಹಾರಿಸದಿದ್ದರೂ, ಅದರ ಊಟವನ್ನೆಲ್ಲ ಮನುಷ್ಯರೇ ಮನೆಗೆ ಕೊಂಡೊಯ್ದರೆ ಅದು ಉಳಿಯುವುದೆಲ್ಲಿ?

ಮರಳಿ ಬಂದ ದಾರಿ

ಹೊರಗಿನಿಂದ ತಂದು ಬಿಟ್ಟದ್ದರಿಂದ ಪಶ್ಚಿಮ ಘಟ್ಟದ ಕೆನ್ನಾಯಿ ಚೇತರಿಸಿಕೊಳ್ಳಲಿಲ್ಲ. ಕೊಲ್ಲುವುದು ಕಡಿಮೆಯಾಯಿತು, ತಿನ್ನಲು ಸಿಕ್ಕಿತು, ಅಷ್ಟರಿಂದಲೇ ಚೇತರಿಸಿಕೊಂಡಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ತಲೆಗೆ ಬಹುಮಾನ ಕಟ್ಟುವ ಕಾಲವನ್ನು ಮುಗಿಸಿತು. ಅದೇ ವರ್ಷ ಶರಾವತಿ ಕಣಿವೆಯ 431 ಚದರ ಕಿ.ಮೀ. ವನ್ಯಧಾಮವಾಯಿತು. 1974ರಲ್ಲಿ ಕೊಡಚಾದ್ರಿಯ ಕೆಳಗಿನ ಮೂಕಾಂಬಿಕಾ, ಆಗುಂಬೆ ಘಾಟಿಯ ಕೆಳಗಿನ ಸೋಮೇಶ್ವರ, ಶಿವಮೊಗ್ಗದಿಂದ ಹೊಸನಗರ, ತೀರ್ಥಹಳ್ಳಿಗೆ ಚಾಚಿದ ಶೆಟ್ಟಿಹಳ್ಳಿ ವನ್ಯಧಾಮಗಳು ಬಂದವು. 2019ರಲ್ಲಿ ಶರಾವತಿ ವನ್ಯಧಾಮಕ್ಕೆ ಉತ್ತರದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವೂ ಅಕ್ಕಪಕ್ಕದ ಕಾಡುಗಳೂ ಸೇರಿ 930 ಚದರ ಕಿ.ಮೀ. ಆಯಿತು. ಭೂಪಟ ಹರಡಿಕೊಂಡು ನೋಡಿದರೆ ಕುದುರೆಮುಖದಿಂದ ಸೋಮೇಶ್ವರ, ಮೂಕಾಂಬಿಕಾ, ಶರಾವತಿ ದಾಟಿ ಕಾಳಿಯವರೆಗೆ ಹಸಿರಿನ ಒಂದು ಪಟ್ಟಿ ಕಾಣುತ್ತದೆ. ನಮ್ಮ ಮೂರು ತಾಲ್ಲೂಕುಗಳು ಇರುವುದು ಆ ಪಟ್ಟಿ ತೀರ ತೆಳ್ಳಗಾಗುವ ನಡುವಿನಲ್ಲಿ.

ಕಾಯಿದೆ ಬಂದ ಮೇಲೂ ಕೆನ್ನಾಯಿಯ ಮೇಲಿನ ತಿರಸ್ಕಾರ ಹೋಗಲು ಹಲವು ವರ್ಷ ಬೇಕಾಯಿತು. 1970ರ ದಶಕದಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ಬಂಡೀಪುರದಲ್ಲಿ ಕೆನ್ನಾಯಿಗಳ ಹಿಂದೆ ಬಿದ್ದು ನಡೆಸಿದ ಅಧ್ಯಯನ ಅದರ ಸಂಸಾರ, ಬೇಟೆಗಳನ್ನು ಮೊದಲ ಬಾರಿಗೆ ಸರಿಯಾಗಿ ತೋರಿಸಿತು. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ಒಂದೇ ಕಾಡಿನಲ್ಲಿ ಹುಲಿ, ಚಿರತೆ, ಕೆನ್ನಾಯಿ ಮೂರೂ ಹೇಗೆ ಬಾಳುತ್ತವೆ ಎಂದು ಲೆಕ್ಕ ಹಾಕಿದರು. ಹುಲಿಯ ಬೇಟೆ ಸರಾಸರಿ 91 ಕೆ.ಜಿ. ದಾಟಿದರೆ ಕೆನ್ನಾಯಿಯದು 43 ಕೆ.ಜಿ. ಆಸುಪಾಸು. ಮೇಯುವ ಮೃಗಗಳು ಸಾಕಷ್ಟಿದ್ದರೆ ಮೂವರಿಗೂ ಜಾಗವಿದೆ ಎಂಬುದು ಅದರ ಅರ್ಥ. ಕನ್ನಡ ಓದುಗರ ಮನಸ್ಸಿಗೆ ಕೆನ್ನಾಯಿಯನ್ನು ಹತ್ತಿರ ತಂದವರು ಮಾತ್ರ ಕೃಪಾಕರ-ಸೇನಾನಿ. ವರ್ಷಗಟ್ಟಲೆ ಒಂದೇ ಗುಂಪುಗಳನ್ನು ಹಿಂಬಾಲಿಸಿದ ಅವರ ಚಿತ್ರಗಳಲ್ಲೂ ಬರಹದಲ್ಲೂ ಕೆನ್ನಾಯಿ ಮೊದಲ ಸಲ ಒಬ್ಬ ತಾಯಿಯಾಗಿ, ಒಬ್ಬ ಚಿಕ್ಕಪ್ಪನಾಗಿ ಕಂಡಿತು.

62ರಿಂದ 54ಕ್ಕೆ

ಹಾಗಾದರೆ ಈಗ ಎಲ್ಲ ಸರಿಹೋಯಿತೇ? ಇಲ್ಲಿ ಎಚ್ಚರ ಬೇಕು.

ಹುಲಿಗೆ ಪಟ್ಟೆ, ಚಿರತೆಗೆ ಚುಕ್ಕೆ ಇದೆ. ಕ್ಯಾಮೆರಾದಲ್ಲಿ ಸಿಕ್ಕ ಚಿತ್ರ ನೋಡಿ ಇದು ಇಂಥದೇ ಎಂದು ಗುರುತಿಸಬಹುದು. ಕೆನ್ನಾಯಿಗಳ ಮೈಮೇಲೆ ಅಂಥ ಗುರುತಿಲ್ಲ. ಹೀಗಾಗಿ ಇಡೀ ನಾಡಿನ ಕಾಡನ್ನು ಚೌಕಗಳಾಗಿ ವಿಂಗಡಿಸಿ, ದಾರಿಗುಂಟ ನಡೆದು, ಹಿಕ್ಕೆ ಮತ್ತು ಹೆಜ್ಜೆ ನೋಡಿ, ಎಷ್ಟು ಚೌಕಗಳಲ್ಲಿ ಅವು ಇವೆ ಎಂದು ಅಂದಾಜು ಮಾಡುತ್ತಾರೆ. ಕೆನ್ನಾಯಿಗಳು ದಾರಿ ಕೂಡುವಲ್ಲಿ ಎಲ್ಲವೂ ಒಂದೇ ಕಡೆ ಹಿಕ್ಕೆ ಹಾಕುವುದರಿಂದ ಈ ಕೆಲಸ ಸಾಧ್ಯವಾಗುತ್ತದೆ. ಈಚೆಗೆ ಹಿಕ್ಕೆಯಿಂದ ಡಿಎನ್‌ಎ ತೆಗೆದು ಒಂದೊಂದನ್ನೂ ಎಣಿಸುವ ವಿಧಾನ ಬಂದಿದೆ. ಅರ್ಜುನ್ ಶ್ರೀವತ್ಸ ಮತ್ತು ಸಂಗಡಿಗರು ವಯನಾಡು ವನ್ಯಧಾಮದಲ್ಲಿ ಹೀಗೆ ಎಣಿಸಿದಾಗ ಸುಮಾರು 50 ಕೆನ್ನಾಯಿಗಳಿರುವ ಅಂದಾಜು ಸಿಕ್ಕಿತು.

ಇದೇ ತಂಡ ಕರ್ನಾಟಕದ ಪಶ್ಚಿಮ ಘಟ್ಟದ ಸುಮಾರು 37,000 ಚದರ ಕಿ.ಮೀ. ಪ್ರದೇಶದ ಎರಡು ಸಮೀಕ್ಷೆಗಳನ್ನು ಹೋಲಿಸಿ ನೋಡಿತು. 2007ರಲ್ಲಿ ಆ ನೆಲೆಯ ಶೇ 62ರಷ್ಟು ಕಡೆ ಕೆನ್ನಾಯಿ ಇತ್ತು. 2015ರ ಹೊತ್ತಿಗೆ ಅದು ಶೇ 54ಕ್ಕೆ ಇಳಿದಿತ್ತು. ಎಂಟು ವರ್ಷದಲ್ಲಿ ಎಂಟು ಅಂಶ. ಬಂಡೀಪುರ, ನಾಗರಹೊಳೆಯಂಥ ದೊಡ್ಡ ಧಾಮಗಳು ಗಟ್ಟಿಯಾಗಿ ನಿಂತಿರುವಾಗ ಒಟ್ಟು ನೆಲೆ ಸಣ್ಣದಾಗುತ್ತಿದೆ ಎಂದರೆ, ನಾವು ಕಳೆದುಕೊಳ್ಳುತ್ತಿರುವುದು ಅವುಗಳ ನಡುವಿನ ಕೊಂಡಿಗಳನ್ನು. ಆ ಕೊಂಡಿ ಎಂದರೆ ಇಲ್ಲಿನ ಮೀಸಲು ಅರಣ್ಯ, ನಿತ್ಯಹಸಿರಿನ ಕಾನು, ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನಬೆಟ್ಟ, ಕಾಫಿ-ಅಡಿಕೆ ತೋಟದ ಅಂಚು.

ಕೆನ್ನಾಯಿಯ ಇರವನ್ನು ತೀರ್ಮಾನಿಸುವುದು ಎರಡು ಸಂಗತಿ ಎಂದು ಈ ಅಧ್ಯಯನಗಳು ಹೇಳುತ್ತವೆ. ಕಡವೆ, ಜಿಂಕೆಯಂಥ ಮೃಗಗಳು ಹೆಚ್ಚಿದ್ದಲ್ಲಿ ಅದು ಇದೆ. ಕಾಡಿನೊಳಗೆ ಮೇಯುವ ದನ ಹೆಚ್ಚಿದ್ದಲ್ಲಿ ಇಲ್ಲ. ದನ ಮೆಂದ ಕಾಡಿನಲ್ಲಿ ಕಡವೆಗೆ ಉಳಿಯುವುದು ಕಡಿಮೆ. ಇಲ್ಲಿ ಮಲೆನಾಡಿನ ಬದುಕು ಗದ್ದಲವಿಲ್ಲದೆ ಬದಲಾಗುತ್ತಿದೆ. ಹಿಂದೆ ಮನೆಗೆ ಇಪ್ಪತ್ತು ಮೂವತ್ತು ಮಲೆನಾಡು ಗಿಡ್ಡಗಳನ್ನು ಬೆಟ್ಟಕ್ಕೆ ಹೊಡೆಯುತ್ತಿದ್ದ ಕಡೆ ಈಗ ಕೊಟ್ಟಿಗೆಯಲ್ಲೇ ಕಟ್ಟಿ ಸಾಕುವ ಒಂದೆರಡು ಸೀಮೆಹಸು. ಮೇಯಿಸುವವರು ಸಿಕ್ಕುವುದಿಲ್ಲ, ಮಕ್ಕಳು ಬೆಂಗಳೂರಿನಲ್ಲಿ. ಖಾಲಿ ಕೊಟ್ಟಿಗೆ ನೋಡಿದರೆ ಮನಸ್ಸು ಭಾರವಾಗುತ್ತದೆ, ನಿಜ. ಆದರೆ ಬೆಟ್ಟದಲ್ಲಿ ಹುಲ್ಲು, ಪೊದೆ ಮತ್ತೆ ಏಳುತ್ತಿರುವುದೂ ನಿಜ. ಶಿಕಾರಿ ನಿಂತರೆ ಆ ಹುಲ್ಲಿಗೆ ಕಡವೆ ಬರುತ್ತದೆ, ಕಡವೆಯ ಹಿಂದೆ ಕೆನ್ನಾಯಿ.

ಹಂದಿ ಕಾಟ ಮತ್ತು ಭೂತಾನ್

ಕೆನ್ನಾಯಿಯಿಂದ ನಮಗೇನು ಲಾಭ ಎಂದು ಕೇಳುವ ರೈತರಿಗೆ ಭೂತಾನಿನ ಕಥೆ ಹೇಳಬೇಕು. ಅಲ್ಲಿ 1970ರ ದಶಕದಿಂದ ದನ ಉಳಿಸುವುದಕ್ಕೆಂದು ಸರ್ಕಾರದ ಬೆಂಬಲದಲ್ಲೇ ಕೆನ್ನಾಯಿಗಳಿಗೆ ವಿಷವಿಕ್ಕಿದರು. ಕೆಲವೇ ವರ್ಷಗಳಲ್ಲಿ ಕೆನ್ನಾಯಿ ಬಹುತೇಕ ಮಾಯವಾಯಿತು. ಬೆನ್ನಿಗೇ ಕಾಡುಹಂದಿ ವಿಪರೀತ ಹೆಚ್ಚಿ ಹೊಲಗದ್ದೆ ಲೂಟಿಯಾಯಿತು. 1990ರ ದಶಕದಲ್ಲಿ ಕೆನ್ನಾಯಿಗಳು ಮತ್ತೆ ಕಾಣಿಸಿಕೊಂಡಾಗ ಅವುಗಳ ಬಗ್ಗೆ ಅಲ್ಲಿನವರ ಧೋರಣೆ ಬದಲಾಗಿತ್ತು.

ಹೊಸನಗರದ ಭತ್ತದ ಗದ್ದೆಯಲ್ಲೋ ತೀರ್ಥಹಳ್ಳಿಯ ಬಾಳೆ ತೋಟದಲ್ಲೋ ರಾತ್ರಿಯಿಡೀ ಡಬ್ಬ ಬಡಿದು ಹಂದಿ ಕಾಯುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕೆನ್ನಾಯಿ ಬಂದರೆ ಹಂದಿಯ ಕಾಟ ಮುಗಿಯುತ್ತದೆ ಎಂದು ಯಾರೂ ಮಾತು ಕೊಡಲಾಗದು. ಆದರೆ ಹಂದಿಮರಿಗಳನ್ನು ಹಿಡಿಯಬಲ್ಲ, ಕೂಲಿ ಕೇಳದ ಕಾಡಿನ ಕಾವಲುಗಾರರಲ್ಲಿ ಕೆನ್ನಾಯಿಯೂ ಒಂದು. ಅದೇ ಹಂದಿಗೆಂದು ಬೇಲಿಸಾಲಿನಲ್ಲಿ ಕಟ್ಟುವ ತಂತಿ ಉರುಳಿಗೆ ಕೆನ್ನಾಯಿಯೂ ಚಿರತೆಯೂ ಸಿಕ್ಕಿ ಸಾಯುತ್ತವೆ ಎಂಬುದನ್ನೂ ಜೊತೆಗೇ ಹೇಳಬೇಕು.

ಇನ್ನೊಂದು ಅಪಾಯ ಊರನಾಯಿ. ಬಸ್‌ಸ್ಟ್ಯಾಂಡಿನಲ್ಲಿ, ಕೋಳಿ ಅಂಗಡಿಯ ಹಿಂದೆ ಬೆಳೆದ ನಾಯಿಗಳು ಈಗ ಕಾಡಿನಂಚಿಗೂ ನುಗ್ಗುತ್ತವೆ, ರೇಬೀಸ್ ಮತ್ತು ಡಿಸ್ಟೆಂಪರ್ ರೋಗಗಳನ್ನು ಜೊತೆಗೆ ಒಯ್ಯುತ್ತವೆ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಸಿಂಹಗಳನ್ನು ಕೊಂದದ್ದು ಡಿಸ್ಟೆಂಪರ್ ವೈರಸ್ಸೇ. ಮೈಗೆ ಮೈ ತಾಗಿ, ಒಂದೇ ಹೆಣಕ್ಕೆ ಬಾಯಿ ಹಾಕಿ, ಕಕ್ಕಿ ಉಣಿಸಿ ಬದುಕುವ ಕೆನ್ನಾಯಿ ಸಂಸಾರಕ್ಕೆ ಇಂಥ ರೋಗ ಹೊಕ್ಕರೆ ಗುಂಪಿಗೆ ಗುಂಪೇ ಹೋಗುತ್ತದೆ. ಪಂಚಾಯಿತಿ ಮತ್ತು ಪಶು ಆಸ್ಪತ್ರೆಗಳು ಕಾಡಂಚಿನ ಹಳ್ಳಿಗಳ ನಾಯಿಗಳಿಗೆ ಎರಡೂ ಲಸಿಕೆ ಹಾಕಿಸುವುದು ವನ್ಯಧಾಮಕ್ಕೆ ಬೇಲಿ ಹಾಕುವುದಕ್ಕಿಂತ ಹೆಚ್ಚು ಉಪಯೋಗದ ಕೆಲಸ.

ಕರು ಸತ್ತ ದಿನ

ಶರಾವತಿಯ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬೇಕೇ ಬೇಡವೇ ಎಂಬ ವಾದ ನಡೆಯುತ್ತಿದೆ. ಹುಲಿಕಲ್, ಆಗುಂಬೆ ಘಾಟಿಗಳ ರಸ್ತೆ ಅಗಲಿಸುವ ಮಾತು ಆಗಾಗ ಏಳುತ್ತದೆ. ತೆಳ್ಳಗಾದ ಹಸಿರು ಪಟ್ಟಿಯನ್ನು ಇನ್ನಷ್ಟು ಕತ್ತರಿಸುವ ಯಾವ ಕೆಲಸವನ್ನೂ ಹಗುರವಾಗಿ ಒಪ್ಪಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಆದರೆ ಕೆನ್ನಾಯಿಯ ಭವಿಷ್ಯ ದೆಹಲಿ, ಬೆಂಗಳೂರಿನ ಕಡತಗಳಲ್ಲಿ ಮಾತ್ರ ತೀರ್ಮಾನವಾಗುವುದಿಲ್ಲ. ಬೆಟ್ಟಕ್ಕೆ ಹೋದ ಕರು ಸಂಜೆ ಮನೆಗೆ ಬಾರದ ದಿನ ಆ ಮನೆಯ ಜಗಲಿಯಲ್ಲೂ ಅದು ತೀರ್ಮಾನವಾಗುತ್ತದೆ.

ಹುಡುಕಿಕೊಂಡು ಹೋದರೆ ಸಿಗುವುದು ತಲೆ, ಬೆನ್ನೆಲುಬು, ಚರ್ಮದ ಚೂರು. ಒಂದು ಕರು ಎಂದರೆ ಆ ಮನೆಗೆ ನಾಳಿನ ಹಾಲು. ಹೊಟ್ಟೆ ಉರಿಯದೆ ಇರುವುದಿಲ್ಲ. ತೋಟಕ್ಕೆ ತಂದಿಟ್ಟ ಔಷಧಿಯ ಡಬ್ಬಿ ಮನೆಯಲ್ಲೇ ಇರುತ್ತದೆ. ಆಗ ಆ ಡಬ್ಬಿಗೆ ಕೈ ಹೋಗದಿರಬೇಕಾದರೆ, ಅರಣ್ಯ ಇಲಾಖೆಗೆ ಮಾಡಿದ ಫೋನಿಗೆ ಅದೇ ದಿನ ಯಾರಾದರೂ ಬರಬೇಕು. ಹೆಣವನ್ನು ಬಿದ್ದಲ್ಲೇ ಬಿಟ್ಟು, ಫೋಟೋ ತೆಗೆದು, ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ ವರದಿ ಬರೆಸಬೇಕು. ಕಾಡುಪ್ರಾಣಿಯಿಂದ ಸತ್ತ ಜಾನುವಾರಿಗೆ ಪರಿಹಾರ ಕೊಡುವ ವ್ಯವಸ್ಥೆ ರಾಜ್ಯದಲ್ಲಿದೆ, ಅರ್ಜಿ ಈಗ ಆನ್‌ಲೈನ್‌ನಲ್ಲೇ ನಡೆಯುತ್ತದೆ. ನೆಟ್‌ವರ್ಕ್ ಸಿಗದ ಗುಡ್ಡದ ಮನೆಗಳಿಗೆ ಅದರ ಪ್ರಯೋಜನ ಮುಟ್ಟಬೇಕಾದರೆ, ಅರ್ಜಿ ತುಂಬಿಸುವ ಕೆಲಸವನ್ನು ಸ್ಥಳಕ್ಕೆ ಬಂದ ಗಾರ್ಡ್ ತನ್ನ ಫೋನಿನಲ್ಲೇ ಮುಗಿಸಿಕೊಡುವಂತಾಗಬೇಕು, ಹಣ ಮುಂದಿನ ಮಳೆಗಾಲದೊಳಗೆ ಖಾತೆಗೆ ಬರಬೇಕು. ಇದರ ಜೊತೆಗೆ, ಚಳಿಗಾಲದಲ್ಲಿ ದರಕು (ಒಣಎಲೆ) ಗುಡಿಸಲು ಸೊಪ್ಪಿನಬೆಟ್ಟಕ್ಕೆ ಹೋದವರು ಬಂಡೆಸಂದಿಯಲ್ಲಿ ಮರಿಗಳನ್ನು ಕಂಡರೆ ಆ ಮೂಲೆಯನ್ನು ಎರಡು ಮೂರು ತಿಂಗಳು ಬಿಟ್ಟು ಬೇರೆ ಕಡೆ ಗುಡಿಸಿದರೆ ಸಾಕು. ಅಷ್ಟರಲ್ಲಿ ಮರಿಗಳು ಬಿಲ ಬಿಟ್ಟು ಗುಂಪಿನ ಹಿಂದೆ ಹೊರಡುವಷ್ಟು ಬಲಿತಿರುತ್ತವೆ.